ಚೆಂಡಿಲ್ಲದೆ ಓಡುತ್ತಿದ್ದ ಬೋರೇಗೌಡ

ರೇಷ್ಮೆಗೂಡಿನ ಆಕಾರದ ಚೆಂಡೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಪಂಚಾಯ್ತಿ ಎಲೆಕ್ಷನ್ನಿಗೆ ಓಟು ಕೇಳಲು ಬಂದವನು ಬೋರೇಗೌಡ ಒಬ್ಬನೇ. ತಲೆಗೆ ಕಂಬಿ ಹಾಕಿದ ಹೆಲ್ಮೆಟ್ಟು, ಮೈಮೇಲೆ ಬಿಳಿ ಜುಬ್ಬ, ಕಾಲಲ್ಲಿ ಹವಾಯಿ ಚಪ್ಪಲಿ. ಆ ಕಂಬಿಯ ಹಿಂದಿನಿಂದ ಅವನು ಕೈಮುಗಿದು ನಕ್ಕರೆ ಜೈಲಿನ ಕಿಟಕಿಯಿಂದ ಯಾರೋ ಪರಿಚಯದವರು ಕರೆದ ಹಾಗೆ ಕಾಣುತ್ತಿತ್ತು. ನನಗೆ ಅವನ ಮೇಲೆ ಅನುಮಾನ ಹುಟ್ಟಿದ್ದು ಆ ದಿನವಲ್ಲ, ಅದಕ್ಕಿಂತ ಬಹಳ ಮೊದಲೇ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಯಾರಾದರೂ ಜಗಳಕ್ಕೆ ಬರುತ್ತಾರೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹಳೆಯ ರಸ್ತೆಯ ಪಕ್ಕದಲ್ಲಿದೆ ಎಂದರೆ ಸಾಕು. ಅಲ್ಲಿ ಪಂಚಾಯ್ತಿಯವರು ಕಟ್ಟಿಸಿದ ಮಳಿಗೆಗಳ ಒಂದು ಸಾಲು. ಅದರಲ್ಲಿ ಒಂದು ನನ್ನ ಟೈಲರಿಂಗ್ ಅಂಗಡಿ, ಪಕ್ಕದ್ದು ನಯಾಜ್ ಭಾಯಿಯ ಬೊಂಬೆ ಅಂಗಡಿ. ಗಂಡ ತೀರಿಕೊಂಡ ಮೇಲೆ ನನಗೂ ಮಗಳಿಗೂ ಅನ್ನ ಹಾಕಿದ್ದು ಆ ಮಳಿಗೆಯೇ.

ಇನ್ನು ನನ್ನ ಅನುಮಾನದ ಬುದ್ಧಿ ಅಪ್ಪನಿಂದ ಬಂದದ್ದು. ಅಪ್ಪ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕುತ್ತಿದ್ದರು. ಅಲ್ಲಿ ಕೊಳ್ಳಲು ಬಂದವರು ಮೇಲಿನ ಗೂಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಳಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಆಮೇಲೆ ಬೆಲೆ ಕೂಗುತ್ತಾರೆ. "ಮೇಲಿರೋದ್ ನೋಡಿ ಯಾಮಾರ್ಬ್ಯಾಡ ಕಣವ್ವ, ತಳಕ್ಕೆ ಕೈ ಹಾಕು" ಎಂದು ಅಪ್ಪ ನನಗೆ ಗಂಡು ನೋಡಲು ಹೊರಟಾಗಲೂ ಹೇಳಿದ್ದರು.

ಬೋರ ಅಕ್ಕೂರು ಕಡೆಯವನು. ನಮ್ಮೂರ ಭಾಗ್ಯಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದ. ಮನೆ ಅಳಿಯ ಎಂದ ಮೇಲೆ ಊರು ಒಂದು ಕಣ್ಣಿಟ್ಟೇ ಇರುತ್ತದೆ. ಬಂದ ಕೆಲವೇ ದಿನಕ್ಕೆ ನನ್ನ ಅಂಗಡಿಗೆ ಒಂದು ಅಂಗಿ ತಂದ. ಅಂಗಿಯೋ, ಗುಡಾರವೋ! ಬೆನ್ನ ಮೇಲೆ ದೊಡ್ಡ ನಂಬರು, ಭುಜ ಮಾತ್ರ ಎರಡು ಆಳಿನಷ್ಟು ಅಗಲ.

"ಅಕ್ಕ, ಹೆಗ್ಲತ್ರ ಹರ್ದೋಗೈತೆ, ಒಸಿ ಹೊಲ್ಕೊಡು."

"ಯಾವ ನಾಟಕದ ಕಂಪ್ನಿದಪ್ಪ ಇದು?" ಎಂದೆ.

"ನಾಟ್ಕ ಅಲ್ಲ ಕಣಕ್ಕ, ಫುಟ್‌ಬಾಲು. ಅಮೆರಿಕದೋರ್ ಫುಟ್‌ಬಾಲು. ಸಂಬ್ಳ ಕೊಟ್ಟು ಆಡುಸ್ತಿದ್ರು."

ಕಬಡ್ಡಿ ಆಡಿಕೊಂಡಿದ್ದ ದಾಂಡಿಗ ಹುಡುಗರನ್ನು ಯಾರೋ ದುಡ್ಡಿದ್ದವರು ಆರಿಸಿ, ದೂರದ ಊರಿಗೆ ಕರೆದುಕೊಂಡು ಹೋಗಿ, ಮೊಟ್ಟೆ ತಿನ್ನಿಸಿ, ಈ ಆಟ ಕಲಿಸಿದರಂತೆ. ಟೀವಿಯಲ್ಲೂ ಬಂತಂತೆ. ಸ್ವಲ್ಪ ಕಾಲ ನಡೆದು ಎಲ್ಲ ಮುಚ್ಚಿಹೋಯಿತಂತೆ. ಬರೀ ಅಂತೆ ಕಂತೆ. ನಮ್ಮೂರಲ್ಲಿ ಯಾರೂ ಅದನ್ನು ಟೀವಿಯಲ್ಲಿ ನೋಡಿರಲಿಲ್ಲ. ಕಾಲಿನಲ್ಲಿ ಒದೆಯದೆ ಕೈಯಲ್ಲಿ ಎತ್ತಿಕೊಂಡು ಓಡುವುದಕ್ಕೆ ಫುಟ್‌ಬಾಲ್ ಎಂದರೆ ಯಾರು ನಂಬುತ್ತಾರೆ? ನಾನು ಅಂಗಿಯನ್ನು ಹೊಲಿದು ಕೊಟ್ಟೆ, ಕತೆಯನ್ನು ಮಾತ್ರ ನಂಬಲಿಲ್ಲ.

ನಯಾಜ್ ಭಾಯಿ ನನಗೆ ತದ್ವಿರುದ್ಧ. ಅವರಿಗೆ ಯಾರು ಏನು ಹೇಳಿದರೂ ನಿಜವೇ. ಬೋರ ಚೆಂಡಿನ ಆಕಾರ ಹೇಳಿದ್ದೇ ತಡ, ಮರದಲ್ಲಿ ಹಾಗೇ ಒಂದನ್ನು ಕಡೆದು, ಕೆಂಪು ಅರಗಿನ ಬಣ್ಣ ಹಚ್ಚಿ ಅಂಗಡಿಯಲ್ಲಿಟ್ಟರು. "ಇದೇನ್ ಭಾಯಿ, ಆನೆ ಗಾತ್ರದ ಗೂಡು?" ಎಂದು ರೈತರು ಕೇಳುತ್ತಿದ್ದರು.

ಬೋರನಿಗೆ ಕೆಲವು ಚಾಳಿಗಳಿದ್ದವು. ಎಲ್ಲೂ ರಸ್ತೆಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಯಾರಾದರೂ ಜೋರಾಗಿ ನಂಬರು ಕೂಗಿದರೆ ಕೂತಲ್ಲೇ ಬೆಚ್ಚಿ ಮುಂದಕ್ಕೆ ಬಾಗುತ್ತಿದ್ದ. ಅವನ ಆಟದಲ್ಲಿ ನಂಬರು ಕೂಗಿದ ಕೂಡಲೇ ಓಡಬೇಕಿತ್ತಂತೆ. ಹೋಟೆಲಿನವನು "ಮೂರ್ ಇಡ್ಲಿ, ಎರಡ್ ವಡೆ" ಎಂದು ಕೂಗಿದಾಗ ಈ ಆಸಾಮಿ ಬೆಂಚು ಬೀಳಿಸಿಕೊಂಡು ಎದ್ದದ್ದನ್ನು ನಾನೇ ನೋಡಿದ್ದೇನೆ. ಮಾತು ಕಡಿಮೆ. ಏನು ಕೇಳಿದರೂ "ಬಿದ್ರೆ ಬಿದ್ದೆ ಕಣಕ್ಕ, ಎದ್ರಾಯ್ತು" ಎಂಬುದೊಂದೇ ಉತ್ತರ.

ಒಂದು ಸಂಜೆ ಅಂಗಡಿಗಳ ಮುಂದೆ ಹುಡುಗರೆಲ್ಲ ಸೇರಿ ಆಟ ತೋರಿಸು ಎಂದು ಗಂಟು ಬಿದ್ದರು. ಚೆಂಡಿನ ಬದಲು ನನ್ನ ಅಂಗಡಿಯ ಚೂರುಬಟ್ಟೆಯ ಗಂಟು. ಬೋರ ಬಗ್ಗಿ ಗಂಟು ಹಿಡಿದ, ನಯಾಜ್ ಭಾಯಿಯನ್ನು ತಾಗಿಕೊಂಡೇ ದಾಟಿದ, ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡು ಪಂಚಾಯ್ತಿ ಆಫೀಸಿನ ಕಡೆಗೆ ಓಟ ಕಿತ್ತ. ಹುಡುಗರೆಲ್ಲ ಹೋ ಎಂದು ಹಿಂದೆ ಬಿದ್ದು, ಕೆಡವಿ, ಮೇಲೆ ಕೂತು ನೋಡುತ್ತಾರೆ, ಕೈಯಲ್ಲಿ ಏನೂ ಇಲ್ಲ! ಅತ್ತ ನಯಾಜ್ ಭಾಯಿ ಗಂಟು ಹಿಡಿದುಕೊಂಡು ನಿಧಾನವಾಗಿ ನಡೆದು ಹೋಗಿ ಬಸ್‌ಸ್ಟಾಪಿನಲ್ಲಿ ನಿಂತು ನಗುತ್ತಿದ್ದಾರೆ.

"ಟೀಮಲ್ಲಿ ನನ್ ಕೆಲ್ಸ ಇದೇಯ ಕಣಕ್ಕ" ಎಂದು ಬೋರ ಧೂಳು ಕೊಡವಿಕೊಂಡು ಬಂದ. "ಚೆಂಡು ನನ್ ಕೈಲೈತೆ ಅಂತ ಎಲ್ರೂ ನಂಬ್ಬೇಕು. ನನ್ ಮ್ಯಾಲೆ ಬೀಳ್ಬೇಕು. ಅಷ್ಟ್ರಲ್ಲಿ ಇನ್ನೊಬ್ಬ ಗೆದ್ಬುಡ್ತಾನೆ."

"ಅಂದ್ರೆ ಯಾಮಾರ್ಸಕ್ಕೆ ಸಂಬ್ಳ ಅನ್ನು."

"ಹೂಂ ಕಣಕ್ಕ. ಏಟ್ ತಿನ್ನಕ್ಕೂ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೋಸವನ್ನೇ ಕಸುಬು ಮಾಡಿಕೊಂಡವನು ನಾಳೆ ಯಾರಿಗೆ ಏನು ಮಾಡುತ್ತಾನೋ ಎಂದುಕೊಂಡೆ.

ಅಂಥವನು ಎಲೆಕ್ಷನ್ನಿಗೆ ನಿಂತ! ಗುರುತು ಯಾವುದು ಸಿಕ್ಕಿತು ಗೊತ್ತೇ? ಹೊಲಿಗೆ ಮಷಿನ್ನು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ ಓಟ್ ಗಿಟ್ಟುಸ್ಕಳಕ್ಕೆ ನನ್ ಮಷಿನ್ನೇ ಬೇಕಾಯ್ತೇನ್ಲಾ?"

"ಅವ್ರೇ ಕೊಟ್ಟಿದ್ದು ಕಣಕ್ಕ. ನಾನ್ ಕೇಳಿದ್ದು ಕ್ರಿಕೆಟ್ ಬ್ಯಾಟು."

ಹೆಲ್ಮೆಟ್ಟು, ಕಂಕುಳಲ್ಲಿದ್ದ ನಯಾಜ್ ಭಾಯಿಯ ಮರದ ಚೆಂಡು ನೋಡಲೆಂದೇ ಜನ ಮನೆಯಿಂದ ಹೊರಗೆ ಬಂದರು, ನೋಡಿದವರು ಓಟೂ ಹಾಕಿದರು, ಗೆದ್ದ. ಮೊದಮೊದಲು ಬೀದಿದೀಪ, ಚರಂಡಿ, ನೀರಿನ ಪೈಪು ಎಂದು ಓಡಾಡಿದ. ಚರಂಡಿಗೆ ತಾನೇ ಇಳಿದು ಕಲ್ಲು ಎತ್ತುತ್ತಿದ್ದ. ಹೊಸ ಪೊರಕೆ ಚೆನ್ನಾಗಿಯೇ ಗುಡಿಸುತ್ತದೆ ಎಂದು ನಾನು ಸುಮ್ಮನಿದ್ದೆ.

ಆಮೇಲೆ ಬಂತು ನಮ್ಮ ಬುಡಕ್ಕೆ. ಮಾಗಡಿ ಕಡೆಯ ಒಬ್ಬ ಕಂಟ್ರಾಕ್ಟರು ನಮ್ಮ ಮಳಿಗೆ ಸಾಲನ್ನು ಒಡೆದು ದೊಡ್ಡ ಕಾಂಪ್ಲೆಕ್ಸ್ ಕಟ್ಟುವ ಯೋಜನೆ ತಂದ. ಕಟ್ಟಿದ ಮೇಲೆ ಅಂಗಡಿ ಹರಾಜಂತೆ. ಹರಾಜಿನಲ್ಲಿ ಕೂಗುವ ತಾಕತ್ತು ನನಗೆಲ್ಲಿ, ನಯಾಜ್ ಭಾಯಿಗೆಲ್ಲಿ? ಮಷಿನ್ನು ಹೊತ್ತುಕೊಂಡು ಯಾವ ಮರದ ಕೆಳಗೆ ಕೂರಲಿ? ಪಂಚಾಯ್ತಿ ಸದಸ್ಯರಲ್ಲಿ ಪರ ವಿರೋಧ ಎರಡೂ ಸಮಸಮ. ಬೋರನ ಕೈ ಯಾವ ಕಡೆ ಏಳುತ್ತದೋ ಆ ಕಡೆಗೆ ಗೆಲುವು ಎಂದು ಊರೆಲ್ಲ ಮಾತು.

ಬೋರ ಏನು ಮಾಡಿದ? ಕಂಟ್ರಾಕ್ಟರ ಕಾರು ಹತ್ತಿದ. ಒಂದು ದಿನ ಅವನ ಮನೆಯಲ್ಲಿ ಊಟ, ಇನ್ನೊಂದು ದಿನ ಕನಕಪುರದ ಆಚೆ ಕೋಡಿಹಳ್ಳಿ ಕಡೆ ಯಾವುದೋ ತೋಟದ ಮನೆಯಲ್ಲಿ ಬಾಡೂಟ. ಕಂಟ್ರಾಕ್ಟರ ಕಡೆಯವರು ಅವನನ್ನು ಒಂದು ಗಳಿಗೆ ಬಿಡದೆ ಕಾಯುತ್ತಿದ್ದರು. ಊರು ಸುಮ್ಮನಿರುತ್ತದೆಯೇ? ಅವನ ಮನೆ ಬಾಗಿಲಿಗೆ ಯಾರೋ ಸಗಣಿ ಎರಚಿದರು. ಡೈರಿಗೆ ಹಾಲು ಹಾಕಲು ಬಂದ ಭಾಗ್ಯಳ ಪಕ್ಕ ಹೆಂಗಸರು ನಿಲ್ಲಲಿಲ್ಲ. ಆ ಹುಡುಗಿ ತಲೆ ತಗ್ಗಿಸಿ ಹಾಲು ಸುರಿದು ಹೋಗುತ್ತಿದ್ದಳು.

ನಾನು ಬಿಡುವವಳಲ್ಲ. ಕಾರಿನಿಂದ ಇಳಿಯುತ್ತಿದ್ದವನನ್ನು ನಡುರಸ್ತೆಯಲ್ಲೇ ತಡೆದು ನಿಲ್ಲಿಸಿದೆ.

"ನಮ್ ಹೊಟ್ಟೆ ಮ್ಯಾಲ್ ಹೊಡ್ದು ನೀನ್ ಬಾಡೂಟ ಉಣ್ತೀಯೇನ್ಲಾ? ನಾಚ್ಕೆ ಆಗಕಿಲ್ವಾ?"

ಅವನು ಕಾರಿನೊಳಗೆ ಕೂತಿದ್ದವರನ್ನು ಒಂದು ಸಲ ನೋಡಿದ. ಆಮೇಲೆ ಮೆತ್ತಗೆ, ನನಗೊಬ್ಬಳಿಗೇ ಕೇಳುವ ಹಾಗೆ, "ಬಯ್ಯಕ್ಕ. ಇನ್ನೂ ಜೋರಾಗ್ ಬಯ್ಯಿ" ಎಂದ. ಎಂಥ ಭಂಡ ಎನ್ನಿಸಿ ಬಾಯಿಗೆ ಬಂದದ್ದನ್ನೆಲ್ಲ ಬೈದೆ.

ಸಭೆಯ ದಿನ ನಾವೆಲ್ಲ ಪಂಚಾಯ್ತಿ ಆಫೀಸಿನ ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದೆವು. ಪರ ಇರುವವರು ಕೈ ಎತ್ತಿ ಎಂದಾಗ ಬೋರನ ಕೈ ಎದ್ದಿತು. ಎಲ್ಲರಿಗಿಂತ ಮೊದಲು ಎದ್ದಿತು, ಎಲ್ಲರಿಗಿಂತ ಮೇಲೆ ಎದ್ದಿತು. ಆದರೆ ಕಂಟ್ರಾಕ್ಟರ ಕಡೆಯವರೇ ಆಗಿದ್ದ ಇಬ್ಬರು ಸದಸ್ಯರು ಕೈ ಎತ್ತಲೇ ಇಲ್ಲ! ಯೋಜನೆ ಬಿದ್ದುಹೋಯಿತು. ನಮ್ಮ ಮಳಿಗೆ ಉಳಿಯಿತು.

ಆ ಇಬ್ಬರನ್ನು ತಿರುಗಿಸಿದ್ದು ಫರೀದಾ ಎಂಬ ಸದಸ್ಯೆ. ಊರೆಲ್ಲ ಬೋರನ ಹಿಂದೆ ಬಿದ್ದಿದ್ದಾಗ ಆಕೆ ಆ ಇಬ್ಬರ ಮನೆಗೂ ಹೋಗಿ, ಹೆಂಡತಿಯರ ಜೊತೆ ಕೂತು, ಮಾತಾಡಿ ಒಪ್ಪಿಸಿದ್ದಳು. "ನಿನ್ನ ಬೋರ ಕಳ್ಸಿದ್ನಾ?" ಎಂದು ನಾನು ಕೇಳಿದೆ. "ಯಾರ್ ಕಳ್ಸಿದ್ರೆ ಏನಕ್ಕ, ನಿಮ್ ಅಂಗ್ಡಿ ಉಳೀತಲ್ಲ" ಎಂದು ಫರೀದಾ ಸೆರಗು ಸರಿಮಾಡಿಕೊಂಡು ಹೋದಳು.

ನಯಾಜ್ ಭಾಯಿ ಮಾತ್ರ ಕುಣಿದಾಡಿಬಿಟ್ಟರು.

"ಅರೆ ಜಯಕ್ಕ, ಗೊತ್ತಾಗ್ಲಿಲ್ವಾ? ಬಟ್ಟೆ ಗಂಟಿನ ಆಟ! ಕಂಟ್ರಾಕ್ಟ್ರು ಇವನ್ನ ಕಾಯ್ಕೊಂಡು ಕೂತ. ಅತ್ಲಾಗೆ ಫರೀದಾ ಹೋಗ್ಬಿಟ್ಟು ಗೆದ್ಕೊಂಡ್ ಬಂದ್ಳು."

"ಹಂಗಾರೆ ಕೈ ಯಾಕ್ ಎತ್ದ?"

"ಚೆಂಡಿಲ್ದೆ ಓಡೋನು ಕೊನೇವರ್ಗೂ ಓಡ್ಬೇಕಲ್ಲ ಅಕ್ಕ. ನಡುವೆ ನಿಂತ್ರೆ ಗೊತ್ತಾಗೋಗುತ್ತೆ."

"ಹೋಗಿ ಭಾಯಿ, ನಿಮ್ಗೆ ಎಲ್ರೂ ದೇವ್ರೇ" ಎಂದು ನಾನು ಮಷಿನ್ ತುಳಿದೆ. ಮಾರಿಕೊಂಡವನ ಲೆಕ್ಕ ತಪ್ಪಿ ನಮಗೆ ಒಳ್ಳೆಯದಾಗಿರಬಾರದೇಕೆ? ಬಾಡೂಟ ಉಂಡದ್ದು ಸುಳ್ಳೇ? ಕೈ ಎತ್ತಿದ್ದು ಸುಳ್ಳೇ? ನನ್ನ ಈ ಮಾತನ್ನು ಊರಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಮುಂದಿನ ಎಲೆಕ್ಷನ್ನಿನಲ್ಲಿ ಬೋರನಿಗೆ ಠೇವಣಿಯೂ ಉಳಿಯಲಿಲ್ಲ. ನಾನೂ ಓಟು ಹಾಕಲಿಲ್ಲ, ಅದರಲ್ಲಿ ಮುಚ್ಚುಮರೆಯೇನು! ಕಂಟ್ರಾಕ್ಟರ ಕಡೆಯವರು ದ್ರೋಹಿ ಎಂದರು, ನಮ್ಮ ಕಡೆಯವರೂ ಅದನ್ನೇ ಎಂದರು. ಬೋರ ಹಾಲಿನ ವ್ಯಾನು ಓಡಿಸುವ ಕೆಲಸಕ್ಕೆ ಸೇರಿಕೊಂಡ.

ಕೊನೆಯ ಸಲ ಅವನು ಅಂಗಡಿಗೆ ಬಂದದ್ದು ಭಾಗ್ಯಳ ರವಿಕೆ ಬಟ್ಟೆ ಕೊಡಲು. ಅವಳು ತಾನಾಗಿ ಬರುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ನಿಜ ಹೇಳ್ಲಾ ಬೋರ. ಆವತ್ತು ನೀನ್ ಯಾರ್ ಕಡೆ ಇದ್ದೆ?"

"ಹೇಳುದ್ರೆ ನಂಬ್ತೀಯೇನಕ್ಕ?"

"ಇಲ್ಲ" ಎಂದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

"ಮತ್ತಿನ್ಯಾಕ್ ಕೇಳ್ತೀಯ?" ಎಂದು ಬೋರ ನಕ್ಕ. ಆ ನಗುವಿನಲ್ಲಿ ಕೋಪವಿರಲಿಲ್ಲ, ಅದೇ ನನಗೆ ಚುಚ್ಚಿತು. "ಬತ್ತೀನಕ್ಕ, ಹಾಲ್ ಕೆಟ್ಟೋಯ್ತದೆ" ಎಂದು ವ್ಯಾನು ಹತ್ತಿದ.

ಆ ವರ್ಷವೇ ಒಂದು ಬೆಳಿಗ್ಗೆ, ಹಾಲು ಇಳಿಸಿ ಬಂದು ಜಗಲಿಯ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿಬಿಟ್ಟನಂತೆ. ಎದೆನೋವು. ಅಂಥ ಗಟ್ಟಿ ಆಳು! ಮಣ್ಣಿಗೆ ಹೆಚ್ಚು ಜನ ಬರಲಿಲ್ಲ. ಫರೀದಾ ಬಂದಿದ್ದಳು, ಬಿಕ್ಕಿ ಬಿಕ್ಕಿ ಅತ್ತಳು. ಕಂಟ್ರಾಕ್ಟರೂ ಹಾರ ತಂದು ಕಣ್ಣೊರೆಸಿಕೊಂಡ. ಇಬ್ಬರ ಕಣ್ಣೀರನ್ನೂ ನಾನು ಗಮನವಿಟ್ಟು ನೋಡಿದೆ. ಏನೂ ಗೊತ್ತಾಗಲಿಲ್ಲ.

ತಿಥಿ ಕಳೆದ ಮೇಲೆ ಭಾಗ್ಯ ನನ್ನ ಅಂಗಡಿಗೆ ಬಂದಳು. ಹೊಲಿದಿಟ್ಟಿದ್ದ ರವಿಕೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ, ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅಕ್ಕ, ನಾನೂ ಅವ್ರುನ್ನ ಯಾವತ್ತೂ ಕೇಳ್ನಿಲ್ಲ. ಕೇಳುದ್ರೆ ಎಲ್ಲಿ ಹೂಂ ಅಂದ್ಬುಡ್ತಾರೋ ಅಂತ ಭಯ."

ನಾನು ಮಷಿನ್ ನಿಲ್ಲಿಸಿದೆ.

"ನಯಾಜ್ ಭಾಯಿ ಎಷ್ಟೇ ಹೇಳುದ್ರೂ ನಂಗೆ ಸಮಾಧಾನ ಇಲ್ಲ. ಅವ್ರು ಎಲ್ರುನ್ನೂ ನಂಬ್ತಾರೆ. ನೀನು ಯಾರ್ನೂ ನಂಬೋಳಲ್ಲ. ಅದ್ಕೇ ನಿನ್ ಕೇಳಾನ ಅಂತ ಬಂದೆ. ನಮ್ಮನೇವ್ರು ನಿಮ್ಮುನ್ನ ಮಾರ್ಕಂಡಿದ್ರಾ ಅಕ್ಕ?"

"ಇಲ್ಲ ಕಣವ್ವ" ಎಂದೆ. "ಅವ್ನು ನಮ್ ಕಡೆಯೋನೇ."

"ನಿಂಗ್ ಗೊತ್ತಾ?"

ನನ್ನ ಕಡೆಯೇ ನೋಡುತ್ತಿದ್ದಳು. ರೆಪ್ಪೆ ಕೂಡ ಹೊಡೆಯಲಿಲ್ಲ.

"ಗೊತ್ತು."

ಭಾಗ್ಯ ರವಿಕೆಯನ್ನು ಎತ್ತಿಕೊಂಡಳು. ಹೊರಗೆ ನಯಾಜ್ ಭಾಯಿಯ ಅಂಗಡಿಯ ಮುಂದೆ ನಿಂತಿದ್ದ ಹೆಂಗಸರ ನಡುವೆ ತಲೆಯೆತ್ತಿಕೊಂಡು ನಡೆದುಹೋದಳು. ನನಗೆ ಏನೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಆದರೂ ಯಾರಾದರೂ ಕೇಳಿದರೆ ಬೋರ ನಮ್ಮ ಕಡೆಯವನೇ ಎಂದೇ ಹೇಳುತ್ತೇನೆ.