ಮೀನಿನಕ್ಕನ ಒಂದು ನಿಮಿಷ

ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಮೀನಿನ ನೆನಪಾಗುತ್ತದೆ. ಹೇಳಿದರೆ ಮನೆಯವರು ನಗುತ್ತಾರೆ. ಕಳೆದ ತಿಂಗಳು ನನ್ನ ಕಾಲರ್ ಬೋನಿನ ಕೆಳಗೆ, ಪೇಸ್‌ಮೇಕರ್ ಕೂರಿಸಿದ ಜಾಗವನ್ನು ಹತ್ತಿಯಿಂದ ಒರೆಸುತ್ತಾ ಟೆಕ್ನಿಷಿಯನ್ ಹುಡುಗಿ, "ಇನ್ನು ನಿಮ್ಮ ಹಾರ್ಟ್ ಅರವತ್ತಕ್ಕಿಂತ ಕೆಳಗೆ ಹೋಗ್ಲಿಕ್ಕೆ ಇದು ಬಿಡುವುದಿಲ್ಲ ಆಂಟಿ, ಟೆನ್ಶನ್ ಬೇಡ" ಎಂದಳು. ಥ್ಯಾಂಕ್ಸ್ ಹೇಳಿದೆ. ಆ ತಣ್ಣನೆಯ ವಾಸನೆ ಮೂಗಿಗೆ ಏರಿತು... ಅದರ ಅಡಿಯಲ್ಲೇ ಬೂತಾಯಿ ಮೀನಿನದ್ದೂ.

ಅರವತ್ತರ ದಶಕದ ಮಧ್ಯದಲ್ಲಿ ನಮ್ಮ ಕದ್ರಿಯ ಮನೆಗೆ ಮೀನು ತರುತ್ತಿದ್ದವಳನ್ನು ನಾವು ಮೀನಿನಕ್ಕ ಎನ್ನುತ್ತಿದ್ದೆವು. ಕೂಳೂರಿನ ಆಚೆಯಿಂದ, ಸೇತುವೆ ದಾಟಿ, ತಲೆಯ ಮೇಲೆ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ಮಮ್ಮಿಗೆ ಅವಳು 'ಬಾಯಮ್ಮ' ಎಂದರೆ, ನನಗೆ ತುಳುವಿನಲ್ಲಿ 'ಬಾಲೆ', ಮಗು. ನಾನು ನರ್ಸಿಂಗ್ ಕಲಿಯಲು ಸೇರಿದ ಮೇಲೂ ಬಾಲೆಯೇ.

"ಇದೆಂತ ಬಂಗುಡೆ? ಕಣ್ಣು ಒಳಗೆ ಹೋಗಿದೆ" ಎಂದು ಮಮ್ಮಿ ಮೂಗು ಮುರಿದರೆ, "ಈ ಏರು ಹತ್ತಿದರೆ ನಿಮ್ಮ ಕಣ್ಣೂ ಒಳಗೆ ಹೋಗ್ತದೆ ಬಾಯಮ್ಮ" ಎನ್ನುತ್ತಿದ್ದಳು.

ನಾನು ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಒಂದು ಬೆಳಿಗ್ಗೆ, ಬುಟ್ಟಿ ಇಳಿಸುತ್ತಿದ್ದಂತೆ ನಮ್ಮ ಮೆಟ್ಟಿಲ ಮೇಲೆಯೇ ಕುಸಿದಳು. ಮುಖ ಸುಣ್ಣದ ಹಾಗೆ ಬಿಳುಚಿತು. ನಾನು ನೀರು ತರುವಷ್ಟರಲ್ಲಿ ಕಣ್ಣು ಬಿಟ್ಟಿದ್ದಳು. ಮುಖವೆಲ್ಲ ಕೆಂಪೇರಿ, ಏನೋ ತಪ್ಪು ಮಾಡಿದವಳಂತೆ ನಗುತ್ತಿದ್ದಳು. ಮಮ್ಮಿ ನನ್ನನ್ನು ಒಳಗೆ ಎಳೆದು, "ಬೆಳಿಗ್ಗೆ ಬೆಳಿಗ್ಗೆಯೇ ಕಳ್ಳು ಕುಡಿದಿದ್ದಾಳೆ. ಮುಖ ನೋಡು ಹೇಗೆ ಕೆಂಪಾಗಿದೆ!" ಎಂದರು. ನನಗೆ ಕಳ್ಳಿನ ವಾಸನೆ ಬಂದಿರಲಿಲ್ಲ. ಎಂತ ಆಗ್ತದೆ ಎಂದು ಅವಳನ್ನೇ ಕೇಳಿದೆ.

"ಎದೆಯೊಳಗೆ ಹುಟ್ಟು ಹಾಕುವವ ಒಮ್ಮೆ ಕೈ ಬಿಟ್ಟ ಹಾಗೆ ಬಾಲೆ. ದೋಣಿ ನಿಲ್ತದೆ. ಮತ್ತೆ ಅವನಿಗೇ ನೆನಪಾಗ್ತದೆ, ಹಾಕ್ತಾನೆ."

ಆಸ್ಪತ್ರೆ ಎಂದರೆ ಅವಳಿಗೆ ಹೆದರಿಕೆ. "ನನ್ನ ಡ್ಯೂಟಿ ಇರುವಾಗ ಬಾ ಅಕ್ಕ, ನಾನಿದ್ದೇನಲ್ಲ" ಎಂದು ಒಪ್ಪಿಸಿದ್ದು ನಾನೇ.

ಬಂದಳು. ಒಗೆದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಔಟ್‌ಪೇಷಂಟ್ ಸಾಲಿನಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೊಸಬರ ಪಲ್ಸ್ ಎಣಿಸಿ ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿಗೆ ಕಳಿಸುವುದು ಪ್ರೊಬೇಷನರ್‌ಗಳಾದ ನಮ್ಮ ಕೆಲಸ. ಅವಳ ಕೈ ಮುಟ್ಟುವ ಮೊದಲು ನಾನು ಮಣಿಕಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಪಲ್ಸ್ ನೋಡಲು ಯಾರೂ ಹಾಗೆ ಮಾಡುವುದಿಲ್ಲ. ಜೊತೆಯ ಹುಡುಗಿಯರು ನೋಡುತ್ತಿದ್ದರು, ನನಗೆ ಮೀನಿನ ವಾಸನೆಯ ನಾಚಿಕೆ. ಅವಳು ನಕ್ಕಳು. "ಉಜ್ಜಿದರೆ ಹೋಗ್ತದಾ ಬಾಲೆ? ಇದು ಹುಟ್ಟುವಾಗಲೇ ಬಂದದ್ದು."

ಏಪ್ರನ್ನಿನ ಮೇಲೆ ಪಿನ್ ಮಾಡಿದ ಗಡಿಯಾರ ನೋಡುತ್ತಾ ಎಣಿಸಿದೆ. ಮೂವತ್ತನಾಲ್ಕು.

ಮೂವತ್ತನಾಲ್ಕು! ಇಂಪಾಸಿಬಲ್. ಎಪ್ಪತ್ತೆರಡು ಇರಬೇಕಾದಲ್ಲಿ ಮೂವತ್ತನಾಲ್ಕು ಇಟ್ಟುಕೊಂಡು ಕೂಳೂರಿನಿಂದ ಯಾರು ನಡೆದು ಬರುತ್ತಾರೆ? ವಾರ್ಡಿನಲ್ಲಿ ಜನ ಹೆಚ್ಚಿದ್ದರೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ನಮ್ಮ ರೂಢಿ. ಆ ಅಭ್ಯಾಸದಲ್ಲಿ ಸೆಕೆಂಡಿನ ಮುಳ್ಳು ಆರಕ್ಕೆ ಬಂದಾಗಲೇ ನಿಲ್ಲಿಸಿರಬೇಕು ಎಂದುಕೊಂಡೆ. ಇನ್ನೊಮ್ಮೆ ಎಣಿಸಬಹುದಿತ್ತು. ಆದರೆ ಹಿಂದಿನ ವಾರವಷ್ಟೇ, ಒಂದೇ ಪಲ್ಸನ್ನು ಎರಡೆರಡು ಸಲ ಎಣಿಸಿದ್ದಕ್ಕೆ, ನಮಗೆ ಕಲಿಸುವ ಸಿಸ್ಟರ್ ಟ್ಯೂಟರ್ ಎಲ್ಲರ ಎದುರು, "ನೀನು ಪಲ್ಸ್ ಎಣಿಸುವುದಾ, ರೋಸರಿ ಮಣಿ ಎಣಿಸುವುದಾ?" ಎಂದು ನನ್ನ ಮಾನ ತೆಗೆದಿದ್ದರು. ಅವರು ಆಗ ನಾಲ್ಕು ಹೆಜ್ಜೆ ಆಚೆಯೇ ನಿಂತಿದ್ದರು...

ಚೀಟಿಯಲ್ಲಿ ಅರವತ್ತೆಂಟು ಎಂದು ಬರೆದೆ.

"ಎಷ್ಟು ಉಂಟು?" ಎಂದು ಕೇಳಿದಳು.

"ಒಳ್ಳೆದುಂಟು ಅಕ್ಕ."

ಸಾಲು ಗೇಟಿನವರೆಗೆ ಬೆಳೆದಿತ್ತು. ಡಾಕ್ಟರರು ಅವಳ ಕೈ ಹಿಡಿಯಲಿಲ್ಲ, ನನ್ನ ಚೀಟಿ ಹಿಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಮರುದಿನ ಬುಟ್ಟಿಯಲ್ಲಿ ನನಗೆಂದೇ ಎರಡು ಕಾಣೆ ಮೀನು ಎತ್ತಿಟ್ಟು ತಂದಿದ್ದಳಂತೆ. ಹಾಸ್ಟೆಲಿನಲ್ಲಿದ್ದ ನನಗೆ ಮಮ್ಮಿ ಹುರಿದು ಕಳಿಸಿದರು. ತಿಂದೆ.

ಮೂರು ತಿಂಗಳಾಗಿರಬಹುದು. ಕೂಳೂರಿನ ಸೇತುವೆಯ ಮೇಲೆ, ಬುಟ್ಟಿ ಹೊತ್ತು ಬರುವಾಗ, ಬಿದ್ದಳು. ಈ ಸಲ ಏಳಲಿಲ್ಲ. ನಾನು ರಜೆಗೆ ಬಂದಾಗ ಮಮ್ಮಿ ಸುದ್ದಿ ಹೇಳಿ, "ಪಾಪ. ಆದರೆ ನಾನು ಆಗಲೇ ಹೇಳಿರಲಿಲ್ಲವಾ, ಕುಡಿತ ಎಂದು?" ಎಂದರು. ನಾನು ಅಲ್ಲ ಎನ್ನಲಿಲ್ಲ. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು.

ಮರುವರ್ಷ ಕ್ಲಾಸಿನಲ್ಲಿ ಡಾಕ್ಟರೊಬ್ಬರು ಹಾರ್ಟ್ ಬ್ಲಾಕ್ ಬಗ್ಗೆ ಪಾಠ ಮಾಡಿದರು. ಹೃದಯದ ಮೇಲಿನ ಕೋಣೆಯ ಅಪ್ಪಣೆ ಕೆಳಗಿನ ಕೋಣೆಗೆ ತಲುಪುವುದಿಲ್ಲ; ಪಲ್ಸ್ ಮೂವತ್ತು, ನಲವತ್ತಕ್ಕೆ ಇಳಿಯುತ್ತದೆ; ರೋಗಿ ಇದ್ದಕ್ಕಿದ್ದಂತೆ ಬೀಳುತ್ತಾನೆ, ಮುಖ ಬಿಳುಚುತ್ತದೆ, ಎಚ್ಚರವಾಗುವಾಗ ಕೆಂಪೇರುತ್ತದೆ... ನನ್ನ ಪೆನ್ನು ನಿಂತಿತು. ಫಾರಿನ್‌ನಲ್ಲಿ ಬ್ಯಾಟರಿಯ ಯಂತ್ರವೊಂದನ್ನು ದೇಹದೊಳಗೆ ಇಡುತ್ತಾರೆ, ನಮ್ಮಲ್ಲಿ ಇನ್ನೂ ಕಷ್ಟ ಎಂದರು. ಆ ಮಾತನ್ನು ಎಷ್ಟೋ ವರ್ಷ ಹಿಡಿದುಕೊಂಡಿದ್ದೆ: ಗೊತ್ತಾಗಿದ್ದರೂ ಉಳಿಸಲು ಯಂತ್ರ ಇರಲಿಲ್ಲವಲ್ಲ. ಆದರೆ ನಾಲಿಗೆಯ ಅಡಿಯಲ್ಲಿ ಇಡುವ ಮಾತ್ರೆ ಇತ್ತು ಎಂದೂ ಅವರು ಅದೇ ದಿನ ಹೇಳಿದ್ದರು. ಬುಟ್ಟಿ ಹೊರಬೇಡ, ಏರು ಹತ್ತಬೇಡ ಎನ್ನಬಹುದಿತ್ತು. ಕುಡುಕಿ ಎಂಬ ಮಾತಾದರೂ ತಪ್ಪುತ್ತಿತ್ತು.

ಕನ್ಫೆಷನ್‌ನಲ್ಲಿ, "ಕೆಲಸದಲ್ಲಿ ಕೇರ್‌ಲೆಸ್ ಆದೆ, ಫಾದರ್" ಎಂದಷ್ಟೇ ಹೇಳಿದೆ. ಎರಡು ಸಂಖ್ಯೆಗಳನ್ನು ಹೇಳಲಿಲ್ಲ. ಮಮ್ಮಿ ಕೊನೆಯವರೆಗೂ ಅವಳು ಕುಡಿಯುತ್ತಿದ್ದಳೆಂದೇ ನಂಬಿದ್ದರು. ಸತ್ಯ ಹೇಳಲು ನನಗೆ ಮೂವತ್ತು ವರ್ಷ ಸಮಯವಿತ್ತು.

ಈಗ ಬೆಳಿಗ್ಗೆ ಕಾಫಿ ಕುಡಿದ ಮೇಲೆ, ಹಳೆಯ ಪಿನ್ ಗಡಿಯಾರಕ್ಕೆ ಕೀ ಕೊಟ್ಟು ನನ್ನ ಪಲ್ಸ್ ನಾನೇ ಎಣಿಸುತ್ತೇನೆ. "ಮೆಷಿನ್ ಉಂಟಲ್ಲ ಗ್ರ್ಯಾನಿ, ಮತ್ತೆ ಎಂತಕ್ಕೆ?" ಎಂದು ಮೊಮ್ಮಗಳು ಕೇಳುತ್ತಾಳೆ. ಎಣಿಕೆ ಮೂವತ್ತನಾಲ್ಕಕ್ಕೆ ಬರುವಾಗ ಮುಳ್ಳು ಆರನ್ನು ಆಗ ತಾನೇ ದಾಟಿರುತ್ತದೆ. ಅವಳ ಇಡೀ ನಿಮಿಷ ಆ ಎಣಿಕೆಗೇ ಮುಗಿದಿತ್ತು. ನನ್ನದು ಇನ್ನೂ ಅರ್ಧದಷ್ಟು ಉಳಿದಿರುತ್ತದೆ. ಗುಣಿಸದೆ, ಒಂದೊಂದನ್ನೇ, ಕೊನೆಯವರೆಗೆ ಎಣಿಸುತ್ತೇನೆ.