ರಜೆಗೆ ಹೋದವನ ಪಾಸ್‌ವರ್ಡ್

ಹಿರೋಳ್ಳಿಯ ಶಾಂತಲಿಂಗಪ್ಪನವರು ಆಳಂದದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟು, ಕಪಾಟಿನ ಕೀಲಿಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡು ಓಡಾಡಿದವರು. ೧೯೯೭ರಲ್ಲಿ ಮೂರು ಕಂಪ್ಯೂಟರ್ ಬಂದಾಗ ಡಾಕ್ಟರು ಅವುಗಳ ಉಸ್ತುವಾರಿಯನ್ನೂ ಅವರಿಗೇ ಕೊಟ್ಟರು. ಗುಲ್ಬರ್ಗಾದಲ್ಲಿ ಹದಿನೈದು ದಿನ ಕಲಿತು ಬಂದರು. ಟೈಪಿಂಗ್ ಎರಡೇ ಬೆರಳಲ್ಲಿ. ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಆಪರೇಟರ್ ಆದ ನಾನು ಹತ್ತು ಬೆರಳಿನವನು, ಒಳಗೊಳಗೇ ನಗುತ್ತಿದ್ದೆ. ಅವರ ಬುದ್ಧಿ ಎಷ್ಟಿತ್ತು ಎಂಬುದು ಆಮೇಲೆ ತಿಳಿಯಿತು.

ಎಲ್ಲರಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡಿಸಿದರು. ನಾವು ಇಡುವಾಗ ತಾವು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು.

“ನೀವು ನೋಡಿದ್ರ ಏನಾಗ್ತದ್ರಿ ಕಾಕಾ?” ಎಂದೆ.

“ನಿನ್ನ ಕೊರಳಾಗಿನ ಲಿಂಗ ನನ್ನ ಕೈಯಾಗ ಕೊಡ್ತಿ ಏನು? ಹಂಗೇ ಇದು. ಲಗೂ ಟೈಪ್ ಮಾಡ್ಲೇ, ಕುತ್ತಿಗಿ ನೋಯಾಕತ್ತದ.”

ಅಷ್ಟು ಕೇಳಿಯೂ ನಾನು ಮಾಡಿದ್ದು ನೋಡಿ. ಒಂದು ಶನಿವಾರ ನರ್ಮದಾ ಎಂಬ ಶಾಲಾ ಶಿಕ್ಷಕಿ ಬಂದರು. ಕ್ಷಯಕ್ಕೆ ನಮ್ಮಲ್ಲೇ ಔಷಧ ಪಡೆದು ಪೂರ್ತಿ ಗುಣವಾದವರು. ಈಗ ವರನ ಕಡೆಯವರು ನೋಡಲು ಬರುವವರಿದ್ದರು.

“ಹುಡುಗನ ಮುಂದ ನಾನೇ ಹೇಳಾಕಿ ಇದ್ದೀನ್ರಿ. ಅದಕ್ಕೂ ಮೊದಲ ಬ್ಯಾರೆಯವರ ಬಾಯಿಂದ ಹೋಗಬಾರದು.”

ನಾನು ಎದೆ ತಟ್ಟಿ ಮಾತು ಕೊಟ್ಟೆ. ಸೋಮವಾರ ಬಸುರಿ ತಂಗಿಯ ಕುಬಸಕ್ಕೆಂದು ಮಾದನಹಿಪ್ಪರಗಾಕ್ಕೆ ಹೊರಟೆ. ಊರಿಗೆ ಹೋಗುವವರು ನೆರೆಮನೆಗೆ ಕೀಲಿ ಕೊಟ್ಟು ಹೋಗುವುದು ನಮ್ಮ ರೂಢಿ. ಕೊಡದಿದ್ದರೆ ಅವರಿಗೆ ಬೇಜಾರು. ಮನೆಯ ಕೀಲಿಯನ್ನು ಗಂಗುಬಾಯಿಗೆ ಕೊಟ್ಟೆ. ಪಾಸ್‌ವರ್ಡನ್ನು ಅದೇ ರೂಢಿಯಂತೆ ಚೀಟಿಯಲ್ಲಿ ಬರೆದು ಪಕ್ಕದ ಮೇಜಿನ ಗೋವಿಂದನಿಗೆ ಕೊಟ್ಟೆ. ಅವನದು ಬರೀ ರೋಗಿಗಳಿಗೆ ಪಾಳಿ ಚೀಟಿ ಹಂಚುವ ಕೆಲಸ. ಅವನ ಪಾಸ್‌ವರ್ಡಿಗೆ ಕಡತಗಳು ತೆರೆಯುತ್ತಿರಲಿಲ್ಲ.

ಶುಕ್ರವಾರ ಮರಳಿದೆ. ಆಸ್ಪತ್ರೆಯೆದುರು ಚಹಾ ಮಾರುವ ರಸೂಲ ಕಪ್ಪು ಕೊಡುತ್ತಲೇ ಹೇಳಿದ: “ಗೋವಿಂದನ ಮಾವನ ಮಗಂದು ಲಗ್ನ ಅಂತಲ್ರಿ. ಹುಡುಗಿ ನರ್ಮದಾ ಟೀಚರ್. ನಿಮ್ಮ ಚೀಟಿ ತೋರಿಸಿ, ಆಕಿ ಹಕೀಕತ್ ಎಲ್ಲಾ ತೆಗಿತೇನಿ ಅಂತಿದ್ದ ಸೋಮವಾರ.”

ತುಂಬಿದ ಕಪ್ಪನ್ನು ಅಲ್ಲೇ ಇಟ್ಟೆ. ಓಡಿಹೋಗಿ ಶಾಂತಲಿಂಗಪ್ಪನವರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಚಷ್ಮಾ ಒರೆಸುವುದನ್ನು ಮುಗಿಸಿದರು.

“ನಿನ್ನ ಬಸ್ ಬಿಡೂಕಿಂತ ಮೊದಲ ನಿನ್ನ ಪಾಸ್‌ವರ್ಡ್ ಬಂದ್ ಮಾಡೀನಿ. ಯಾರು ರಜಾ ಹೋದರೂ ಮಾಡ್ತೇನಿ.”

“ಮತ್ತ ಗೋವಿಂದ?”

“ಒಂದು ತಾಸು ಕುಟ್ಟಿದ. ಆಮ್ಯಾಲ ಬಂದು, ಕಾಕಾ, ಮಿಷನ್ ಕೆಟ್ಟದ ಅಂದ. ಹೌದಪಾ, ಕೆಟ್ಟದ ಅಂದೆ.”

ಯಾರು ಯಾವ ಕಡತ ತೆರೆದರೆಂಬ ಪಟ್ಟಿಯನ್ನು ಪರದೆಗೆ ತಂದು ತೋರಿಸಿದರು. ನರ್ಮದಾ ಅವರದನ್ನು ಡಾಕ್ಟರ ಹೊರತು ಯಾರೂ ತೆರೆದಿರಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಕೂತೆ.

“ಕೂಡಬ್ಯಾಡ. ಹೋಗಿ ಆ ಚೀಟಿ ಇಸಕೊಂಡು ಬಾ. ಗೋವಿಂದನ ಸಂಗಟ ನಾ ಮಾತಾಡ್ತೇನಿ.”

ಮರುವಾರ ನರ್ಮದಾ ಬಂದರು. “ನಾನೇ ಹೇಳಿದೆ. ಗುಣ ಆಗ್ಯದಲ್ಲ, ಮತ್ತೇನು ಅಂದ್ರು ಅವರು. ನಿಮ್ಮ ಮಾತು ಉಳಿಸಿದ್ರಿ.”

ಉಳಿಸಿದವರು ಒಳಗಿದ್ದಾರೆಂದು ಕೋಣೆ ತೋರಿಸಿದೆ. ಔಷಧಕ್ಕೆ ಬಂದಾಗಲೆಲ್ಲ ಅವರ ಕಡತ ತೆಗೆದುಕೊಟ್ಟಿದ್ದ ಶಾಂತಲಿಂಗಪ್ಪನವರು, ಬಾಗಿಲಲ್ಲಿ ಕೈ ಮುಗಿದು ನಿಂತ ಅವರನ್ನು ಚಷ್ಮಾದ ಮೇಲಿಂದ ನೋಡಿದರು.

“ಗುರುತು ಸಿಗಲಿಲ್ಲವ್ವಾ. ಯಾರ್ ಪೈಕಿ ನೀವು?”