ಬೆನ್ನ ಹಿಂದಿನ ಕೆಂಪು ದೀಪ

ನಮ್ಮ ಊರಿನ ರಸ್ತೆಗಳಲ್ಲಿ ಒಂದು ಕೈಭಾಷೆ ಚಾಲ್ತಿಯಲ್ಲಿದೆ. ಪಕ್ಕದಲ್ಲಿ ಹೋಗುವ ಅಪರಿಚಿತನೊಬ್ಬ ಐದೂ ಬೆರಳುಗಳನ್ನು ಕೂಡಿಸಿ, ಅರಳಿಸಿ, ಮತ್ತೆ ಕೂಡಿಸಿ ತೋರಿಸಿದನೆಂದರೆ ನಿಮ್ಮ ಗಾಡಿಯ ದೀಪದಲ್ಲೇನೋ ಎಡವಟ್ಟಾಗಿದೆ ಎಂದರ್ಥ. ಗಾಡಿಗೆ ಗಾಡಿ ತಾಗಿದರೆ ಪರಸ್ಪರರ ವಂಶಾವಳಿಯನ್ನೇ ಬೀದಿಗೆಳೆಯುವ ಜನ ಈ ಒಂದು ವಿಷಯದಲ್ಲಿ ಮಾತ್ರ ನಿಷ್ಕಾಮ ಕರ್ಮಿಗಳು. ನನಗೆ ಈ ಸಂಜ್ಞೆ ತಿಳಿಯದ್ದೇನಲ್ಲ. ಆದರೂ ಕಳೆದ ತಿಂಗಳು ಪೀಣ್ಯದ ರಸ್ತೆಯಲ್ಲಿ ಮೂರ್ನಾಲ್ಕು ಜನ ನನ್ನ ಹಳೆಯ ಕಾರಿನತ್ತ ಹೀಗೆ ಬೆರಳು ಅರಳಿಸಿದಾಗ, ಅದು ಕಾರಿನ ಥಳಥಳಿಕೆಗೆ ಸಂದ ಪ್ರಶಂಸೆಯೆಂದೇ ಭಾವಿಸಿ, ಆನೆಯ ಮೇಲೆ ಕುಳಿತವನ ಗಾಂಭೀರ್ಯದಿಂದ ಎಲ್ಲರಿಗೂ ಕೈ ಬೀಸುತ್ತ ಸಾಗಿದೆ.

ನನ್ನ ಕಾರು ಎಂದೆನಲ್ಲ, ವಾಸ್ತವವಾಗಿ ಅದು ನನ್ನ ಮಾವನವರದು. ನನಗಿಂತ ಒಂದೆರಡು ವರ್ಷ ಚಿಕ್ಕದಾದ, ಉಬ್ಬುಗಲ್ಲದ, ಈಗ ಯಾರೂ ತಯಾರಿಸದ ಆ ಕಾರು ಅವರ ತರುವಾಯ ಮಗಳ ಪಾಲಿಗೆ, ಅಂದರೆ ನನ್ನ ಹೆಂಡತಿ ಶಾರದೆಗೆ ಬಂತು. ನಾನಾದರೋ ಪೀಣ್ಯದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಅನ್ಯರ ಅಜಾಗರೂಕತೆಗೆ ಮೆಮೊ ಬರೆದು ಬರೆದು ನಿವೃತ್ತನಾದವನು. ಸ್ಪ್ಯಾನರು ಮುಟ್ಟಿದ್ದು ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚುವಾಗ ಮಾತ್ರ. ಆದರೆ ಹಳೆಯ ಕಾರುಗಳ ಮೆರವಣಿಗೆಯೊಂದಕ್ಕೆ ಆಹ್ವಾನ ಬಂದದ್ದೇ ತಡ, ಅದರ ಹಿಂಬದಿಯ ದೀಪಗಳ ಜೀರ್ಣೋದ್ಧಾರ ನನ್ನ ಕೈಯಿಂದಲೇ ಆಗಬೇಕೆಂಬ ಹುಮ್ಮಸ್ಸು ಹತ್ತಿತು.

ಕೆಂಪು ಮುಚ್ಚಳಗಳು ಮಾಸಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬಿಚ್ಚಿದರೆ ಒಳಗೆ ಧೂಳು, ಜೇಡರ ಬಲೆ, ಸತ್ತ ಇರುವೆಗಳ ಒಂದು ತುಂಬು ಸಂಸಾರ. ಸೋಪಿನ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಪೇಸ್ಟು ಹಚ್ಚಿ, ಹಳೆಯ ಬನಿಯನ್ನಿನ ತುಂಡಿನಿಂದ ಒಂದಿಡೀ ಬೆಳಿಗ್ಗೆ ತಿಕ್ಕಿದೆ. “ದೇವರ ದೀಪ ಉಜ್ಜಿಕೊಡಿ ಅಂದ್ರೆ ಸೊಂಟ ನೋವು. ಇದಕ್ಕೆ ನೋವಿಲ್ವಾ?” ಎಂದು ಶಾರದೆ ಬಾಗಿಲಲ್ಲಿ ನಿಂತು ಕೇಳಿದಳು. ತಪಸ್ವಿಗಳು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ದೀಪ ಕೂರುವ ತುಕ್ಕುಹಿಡಿದ ತಗಡಿನ ಗೂಡನ್ನು ಕೆರೆದು, ತಿರುಪಿನ ತೂತುಗಳ ಸುತ್ತಲೂ ಸಹಿತ, ಮೂಲೆಮುಡುಕು ಬಿಡದೆ ಬೆಳ್ಳಿ ಬಣ್ಣ ಬಳಿದೆ. ಮರಳಿ ಜೋಡಿಸಿದಾಗ ಬಿಸಿಲಿಗೆ ಅವು ದಾಳಿಂಬೆ ಕಾಳಿನ ಹಾಗೆ ಹೊಳೆದವು. ಬ್ರೇಕಿನ ದೀಪವನ್ನು ಪರೀಕ್ಷಿಸಲು ಮಾತ್ರ ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ತುಳಿಯಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಸೊಂಟದ ಪ್ರಸ್ತಾಪ ಮತ್ತೆ ಬರಬಹುದೆಂದು ಅವಳನ್ನು ಕರೆಯಲಿಲ್ಲ.

ಶಾರದೆ ಐವತ್ತು ದಾಟಿದ ಮೇಲೆ ಹಟ ಹಿಡಿದು ಸ್ಕೂಟರು ಕಲಿತವಳು. ಬಾಗಲಕೋಟೆ, ರಾಯಚೂರುಗಳ ಕಡೆಯಿಂದ ಬಂದು ಲಗ್ಗೆರೆಯ ಬಾಡಿಗೆ ಕೋಣೆಗಳಲ್ಲಿರುವ ಹೆಣ್ಣುಮಕ್ಕಳಿಗೆ ಅವಳು ಹೊಲಿಗೆ ಕಲಿಸುತ್ತಾಳೆ; ಸ್ಕೂಟರಿನಲ್ಲಿ ಹೋಗಿ ಇಳಿಯುವುದರಲ್ಲಿ ಅವಳಿಗೆ ಹೊಲಿಗೆಯಷ್ಟೇ ಅಭಿಮಾನ. ಮೆರವಣಿಗೆ ನೋಡಿಕೊಂಡು ಹಾಗೇ ಕ್ಲಾಸಿಗೆ ಹೋಗುವೆನೆಂದು ಆ ದಿನ ನನ್ನ ಕಾರಿನ ಹಿಂದೆಯೇ ಸ್ಕೂಟರಿನಲ್ಲಿ ಬಂದಳು. ಚಹದಂಗಡಿಯ ತಿರುವಿನಲ್ಲಿ ಹಸು ಅಡ್ಡ ಬಂತು, ನಾನು ಬ್ರೇಕ್ ತುಳಿದೆ, ಸ್ಕೂಟರು ಬಂದು ಕಾರಿನ ಬೆನ್ನಿಗೆ ಗುದ್ದಿತು. ಅವಳು ಬಿದ್ದಳು, ಮೊಣಕೈ ತರಚಿತು. ನಾನು ಇಳಿದು ಬಂದು ಮೊದಲು ನೋಡಿದ್ದು ದೀಪವನ್ನು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ದೀಪ ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ, ಚಹ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ, “ಅಂತರ ಕಾಯ್ದುಕೋಬೇಕು ಅನ್ನೋ ಪರಿಜ್ಞಾನ ಬೇಡ್ವಾ? ಗಮನ ಇಲ್ದೋರು ಗಾಡಿ ಯಾಕೆ ತೆಗೀಬೇಕು?” ಎಂದು ಮೆಮೊದ ಭಾಷೆಯಲ್ಲೇ ಗದರಿದೆ.

“ನೀವು ನಿಲ್ಲಿಸಿದ್ದೇ ಗೊತ್ತಾಗ್ಲಿಲ್ಲ ಕಣ್ರೀ,” ಎಂದಳು, ಸೀರೆಯ ಧೂಳು ಕೊಡವಿಕೊಳ್ಳುತ್ತ.

ಆಮೇಲೆ ಸ್ಕೂಟರಿಗೆ ಹೊದಿಕೆ ಬಿತ್ತು. ಲಗ್ಗೆರೆಗೆ ಆಟೋದಲ್ಲಿ ಹೋಗತೊಡಗಿದಳು, ಆಮೇಲಾಮೇಲೆ ಕ್ಲಾಸು ತಪ್ಪಿಸತೊಡಗಿದಳು. ಹೀಗಿರುವಾಗ ಒಂದು ಸಂಜೆ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕರೆಂಟು ಹೋದಾಗ ಕಾರನ್ನು ಗೋಡೆಯತ್ತ ಹಿಂದಕ್ಕೆ ತೆಗೆಯುತ್ತಿದ್ದೆ. ಬ್ರೇಕ್ ತುಳಿದೆ. ಗೋಡೆಯ ಮೇಲೆ ಬೀಳಬೇಕಾಗಿದ್ದ ಕೆಂಪು ಬೀಳಲಿಲ್ಲ. ಮತ್ತೆ ತುಳಿದೆ, ಕತ್ತಲೆ ಕದಲಲಿಲ್ಲ. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಹಾಕಿದ್ದ ವಿಡಿಯೊದಿಂದ ತಿಳಿದದ್ದಿಷ್ಟು: ಇಂಥ ಕಾರುಗಳಲ್ಲಿ ದೀಪದ ವಿದ್ಯುತ್ತು ಮರಳುವುದು ಆ ತಗಡಿನ ಮೂಲಕವೇ, ಅಲ್ಲಿ ಬಣ್ಣ ಬಳಿದರೆ ದಾರಿ ಮುಚ್ಚಿದಂತೆ. ನಾನು ದೀಪವನ್ನು ಎಷ್ಟು ಚೆನ್ನಾಗಿ ಅಲಂಕರಿಸಿದ್ದೆನೆಂದರೆ ಅದು ಉರಿಯುವುದನ್ನೇ ಬಿಟ್ಟಿತ್ತು.

ಮಾನವಂತನಾದವನು ಆ ಕ್ಷಣವೇ ಮೇಲೆ ಹೋಗಿ ಹೆಂಡತಿಗೆ ಹೇಳುತ್ತಿದ್ದ. ನಾನು ಮರುದಿನ ಅವಳು ತರಕಾರಿಗೆ ಹೋದ ಹೊತ್ತು ನೋಡಿ, ತಿರುಪಿನ ಸುತ್ತಲಿನ ಬಣ್ಣ ಕೆರೆದು, ದೀಪ ಸರಿಮಾಡಿ, ಕೈ ತೊಳೆದುಕೊಂಡೆ. ದುರಸ್ತಿಯೂ ಆಯಿತು, ಸಾಕ್ಷ್ಯನಾಶವೂ ಆಯಿತು. ಹೇಗೂ ಇನ್ನು ಮುಂದೆ ಉರಿಯುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆತ್ಮವಂಚನೆಗೆ ಇಷ್ಟು ಬಣ್ಣ ಸಾಕು.

ಶನಿವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಅವಳು, “ಸ್ಕೂಟರ್ ಮಾರಿಬಿಡೋಣ,” ಎಂದಳು. “ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡು ಡಾಕ್ಟರ ಹತ್ರ ಹೋಗಿದ್ದೆ. ಕಣ್ಣು ಸರಿಯಾಗಿದೆಯಂತೆ. ಹಾಗಾದ್ರೆ ನನ್ನ ತಲೆನೇ ಮಂಕಾಗ್ತಿದೆ ಅಂತ ತಾನೇ?”

ನನ್ನ ಬಾಯಿ ಮುಚ್ಚಿದ್ದಷ್ಟು ಕಾಲವೂ ಇವಳು ತನ್ನನ್ನೇ ತಪಾಸಣೆಗೆ ಒಡ್ಡಿಕೊಂಡು ತಿರುಗಿದ್ದಳು. ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿದೆ: ಬಣ್ಣ, ಗೋಡೆ, ಕದ್ದು ಮಾಡಿದ ರಿಪೇರಿ. ಅವಳು ಸೌಟು ಕೆಳಗಿಟ್ಟು, “ಯಾವಾಗ ಗೊತ್ತಾಯ್ತು?” ಎಂದಳು. ಸೋಮವಾರ ಎಂದೆ. “ಇವತ್ತು ಶನಿವಾರ,” ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಸ್ಕೂಟರಿನ ಹೊದಿಕೆ ತೆಗೆದಳು, ನನಗೆ ಕಾರು ತೆಗೆಯಲು ಹೇಳಿದಳು. ನಾನು ಮುಂದೆ, ಅವಳು ಹಿಂದೆ. ಅದೇ ಚಹದಂಗಡಿಯ ಬಳಿ ಪಕ್ಕಕ್ಕೆ ಬಂದು ಐದೂ ಬೆರಳು ಕೂಡಿಸಿ ಅರಳಿಸಿದಳು. ಈ ಸಲ ನಾನು ಕೈ ಬೀಸಲಿಲ್ಲ. ಕಾರು ನಿಲ್ಲಿಸಿ ಇಳಿದು ಹಿಂದಕ್ಕೆ ಓಡಿದೆ.

“ದೀಪ ಸರಿಯಾಗೇ ಉರೀತಿದೆ,” ಎಂದಳು. “ಅವತ್ತು ಇಲ್ಲಿ ಕೂಗಿದ್ರಲ್ಲ, ಈಗ್ಲೂ ಅಷ್ಟೇ ಗಟ್ಟಿಯಾಗಿ ಹೇಳಿ.”

ಅಂಗಡಿಯ ಮುಂದೆ ಪಾಳಿ ಮುಗಿಸಿ ಬಂದ ನಾಲ್ಕಾರು ಜನರಿದ್ದರು. ಅಂದು ಇದ್ದವರು ಇವರಲ್ಲವೆಂದು ವಾದಿಸಬಹುದಿತ್ತು. ವಾದಿಸಲಿಲ್ಲ. “ಅವತ್ತು ಇವರು ಬಿದ್ದದ್ದು ನನ್ನ ತಪ್ಪಿನಿಂದ. ನನ್ನ ಬ್ರೇಕ್ ಲೈಟು ಉರೀತಿರಲಿಲ್ಲ. ಇವರ ಗಮನ ಸರಿಯಾಗೇ ಇತ್ತು,” ಎಂದೆ. ಧ್ವನಿ ಅಂದಿನಷ್ಟು ಏಳಲಿಲ್ಲವೆಂದು ಅವಳು ತಲೆಯಾಡಿಸಿದಳು, ಇನ್ನೊಮ್ಮೆ ಹೇಳಿದೆ. ಅಂಗಡಿಯವನು ಎರಡು ಕ್ಷಣ ನೋಡಿ, “ಆಯ್ತು ಸಾರ್, ಟೀ ಒಂದಾ ಎರಡಾ?” ಎಂದ.

ಅವಳು ಟೀಗೆ ನಿಲ್ಲಲಿಲ್ಲ. ಕ್ಲಾಸಿಗೆ ಹೊತ್ತಾಗಿತ್ತು. ನನ್ನನ್ನು ದಾಟಿ ಲಗ್ಗೆರೆಯ ಕಡೆಗೆ ಹೊರಟವಳ ಸ್ಕೂಟರಿನ ಹಿಂಬದಿಯ ದೀಪ, ಧೂಳು ಮೆತ್ತಿ ಮಾಸಿದ್ದು, ತಿರುವಿನಲ್ಲಿ ಸ್ಪಷ್ಟವಾಗಿ ಕೆಂಪಗೆ ಹೊತ್ತಿಕೊಂಡಿತು. ನಾನು ಕಾರು ಹತ್ತಿ, ಅಂತರ ಕಾಯ್ದುಕೊಂಡು, ಅವಳ ಹಿಂದೆ ಹೊರಟೆ.